ಕ್ರೈಸ್ತ ನಂಬಿಕೆ ಮತ್ತು ವೃತ್ತಿಪರ ಸಮಾಜಕಾರ್ಯ: ಗ್ಲಾಸ್ಗೋದಿಂದ ಮಂಗಳೂರಿನವರೆಗೆ

ವೃತ್ತಿಪರ ಸಮಾಜಕಾರ್ಯದ ಒಂದು ಮುಖ್ಯ ಮೂಲ ಹತ್ತೊಂಬತ್ತನೆಯ ಶತಮಾನದ ಚರ್ಚುಗಳು ನಡೆಸಿದ ಬಡವರ ಸೇವೆಯಲ್ಲಿದೆ. ಗ್ಲಾಸ್ಗೋದ ಸೇಂಟ್ ಜಾನ್ ಪ್ಯಾರಿಷ್‌ನ ಪಾದ್ರಿ ಥಾಮಸ್ ಚಾಮರ್ಸ್ 1819ರಿಂದ 1823ರವರೆಗೆ ತಮ್ಮ ಪ್ಯಾರಿಷನ್ನು 25 ಭಾಗಗಳಾಗಿ ವಿಂಗಡಿಸಿ, ಒಂದೊಂದನ್ನೂ ಒಬ್ಬ ಡೀಕನ್‌ಗೆ (ಚರ್ಚಿನ ಸೇವಾಧಿಕಾರಿಗೆ) ವಹಿಸಿದರು. ನೆರವು ಕೋರಿದವರ ಸ್ಥಿತಿಗತಿ ವಿಚಾರಿಸಿದ ನಂತರವೇ ನೆರವು ದೊರೆಯುತ್ತಿತ್ತು. 1869ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಾರಿಟಿ ಆರ್ಗನೈಸೇಶನ್ ಸೊಸೈಟಿ ಇದೇ ಬಗೆಯ ವಿಚಾರಣೆಯನ್ನು ವ್ಯವಸ್ಥಿತಗೊಳಿಸಿತು. 1877ರಲ್ಲಿ ಪಾದ್ರಿ ಹಂಫ್ರೀಸ್ ಗರ್ಟೀನ್ ಈ ಸೊಸೈಟಿಯ ಮಾದರಿಯನ್ನು ಅಮೆರಿಕದ ಬಫಲೋ ನಗರಕ್ಕೆ ಒಯ್ದರು. ಈ ಪದ್ಧತಿಯಲ್ಲಿ ಕರುಣೆಯ ಜೊತೆಗೆ ತೀರ್ಪೂ ಇತ್ತು. ನೆರವಿಗೆ ಅರ್ಹರಾದ ಬಡವರು ಯಾರು, ಅನರ್ಹರು ಯಾರು ಎಂಬುದನ್ನು ಕೊಡುವವರೇ ನಿರ್ಧರಿಸುತ್ತಿದ್ದರು.

ಬಡತನದ ಕಾರಣವನ್ನು ಬಡವನ ನಡತೆಯಲ್ಲಷ್ಟೇ ಹುಡುಕುವುದನ್ನು ಸೆಟಲ್‌ಮೆಂಟ್ ಚಳವಳಿ ಪ್ರಶ್ನಿಸಿತು. ಲಂಡನ್ನಿನ ವೈಟ್‌ಚಾಪೆಲ್‌ನ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ 1884ರಲ್ಲಿ ಟಾಯ್ನ್‌ಬೀ ಹಾಲ್ ಸ್ಥಾಪಿಸಿ, ವಿಶ್ವವಿದ್ಯಾಲಯದ ಯುವಕರು ಬಡವರ ಕೇರಿಯಲ್ಲೇ ವಾಸಿಸುವಂತೆ ಮಾಡಿದರು. ಅದನ್ನು ಕಂಡು ಬಂದ ಜೇನ್ ಆಡಮ್ಸ್, ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ 1889ರಲ್ಲಿ ಶಿಕಾಗೋದಲ್ಲಿ ಹಲ್ ಹೌಸ್ ತೆರೆದರು. 1917ರಲ್ಲಿ ಪ್ರಕಟವಾದ ಮೇರಿ ರಿಚ್ಮಂಡ್ ಅವರ 'ಸೋಷಿಯಲ್ ಡಯಾಗ್ನೋಸಿಸ್' ಈ ಕ್ಷೇತ್ರಕ್ಕೆ ವೃತ್ತಿಯ ವಿಧಾನವನ್ನು ಒದಗಿಸಿತು. ಅಲ್ಲಿಂದ ಮುಂದೆ ಸಮಾಜಕಾರ್ಯ ವಿಜ್ಞಾನದ ಭಾಷೆಗೆ ಹತ್ತಿರವಾಗಿ, ಚರ್ಚಿನಿಂದ ದೂರ ಸರಿಯಿತು.

ಭಾರತದಲ್ಲಿ ಚರ್ಚಿನ ಸೇವೆಯನ್ನೂ ವೃತ್ತಿಪರ ಸಮಾಜಕಾರ್ಯವನ್ನೂ ಬೆಸೆದವರು ಅಮೆರಿಕನ್ ಮರಾಠಿ ಮಿಷನ್ನಿನ ಕ್ಲಿಫರ್ಡ್ ಮ್ಯಾನ್ಶಾರ್ಟ್. ಶಿಕಾಗೋದಲ್ಲಿ ಓದಿ 1925ರಲ್ಲಿ ಮುಂಬಯಿಗೆ ಬಂದ ಅವರು ಅಲ್ಲಿ ನಾಗಪಾಡಾ ನೇಬರ್‌ಹುಡ್ ಹೌಸ್ ಆರಂಭಿಸಿದರು. ಮುಸ್ಲಿಮರು, ಹಿಂದೂಗಳು, ಯೆಹೂದಿಗಳು, ಕ್ರೈಸ್ತರು ಒತ್ತೊತ್ತಾಗಿ ಬಾಳುತ್ತಿದ್ದ ಆ ಬಡಾವಣೆಯಲ್ಲಿ ಅದರ ಬಾಗಿಲು ಎಲ್ಲ ಮತದವರಿಗೂ ತೆರೆದಿತ್ತು. ಸೇವೆಯನ್ನು ಮತಾಂತರದ ಸಾಧನವಾಗಿ ಬಳಸಬಾರದೆಂಬುದು ಅವರ ನಿಲುವು. ವಿಲಿಯಂ ಅರ್ನೆಸ್ಟ್ ಹಾಕಿಂಗ್ ನೇತೃತ್ವದ ಆಯೋಗ 1932ರ 'ರೀಥಿಂಕಿಂಗ್ ಮಿಷನ್ಸ್' ವರದಿಯಲ್ಲಿ ಇಂಥದೇ ಮಾತನ್ನು ಮಿಷನ್ನುಗಳ ಮುಂದಿಟ್ಟಿತು. ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ 1936ರಲ್ಲಿ ತೆರೆದ ಸಮಾಜಕಾರ್ಯ ಶಾಲೆಗೆ ಮ್ಯಾನ್ಶಾರ್ಟರೇ ಮೊದಲ ನಿರ್ದೇಶಕರು. ದೇಶದ ಈ ಮೊದಲ ವೃತ್ತಿಪರ ಸಮಾಜಕಾರ್ಯ ಶಾಲೆಯೇ 1944ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಎಂಬ ಹೆಸರು ಪಡೆಯಿತು.

ನಂಬಿಕೆ ಮತ್ತು ವೃತ್ತಿಯ ಸಂಬಂಧಕ್ಕೆ ತಾತ್ವಿಕ ಸ್ಪಷ್ಟತೆ ತಂದವರಲ್ಲಿ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಜೆಸ್ವಿಟ್ ಪಾದ್ರಿ ಫೆಲಿಕ್ಸ್ ಬೀಸ್ಟೆಕ್ ಪ್ರಮುಖರು. 1957ರ 'ದಿ ಕೇಸ್‌ವರ್ಕ್ ರಿಲೇಶನ್‌ಶಿಪ್' ಕೃತಿಯಲ್ಲಿ ಅವರು ಏಳು ತತ್ವಗಳನ್ನು ವಿವರಿಸಿದರು. ಪ್ರತಿಯೊಬ್ಬರನ್ನೂ ಒಬ್ಬ ವಿಶಿಷ್ಟ ವ್ಯಕ್ತಿಯಾಗಿ ಕಾಣುವುದು, ಇದ್ದಂತೆಯೇ ಒಪ್ಪಿಕೊಳ್ಳುವುದು, ತೀರ್ಪು ನೀಡದಿರುವುದು, ಸೇವಾರ್ಥಿಯ ಸ್ವನಿರ್ಣಯವನ್ನು ಗೌರವಿಸುವುದು, ಗೋಪ್ಯತೆ ಕಾಪಾಡುವುದು ಅವುಗಳಲ್ಲಿ ಸೇರಿವೆ. ಮನುಷ್ಯ ದೇವರ ಪ್ರತಿರೂಪವೆಂಬ ಕ್ರೈಸ್ತ ವಿಶ್ವಾಸಕ್ಕೂ ಈ ತತ್ವಗಳ ಹಿಂದಿರುವ ವ್ಯಕ್ತಿಘನತೆಯ ಕಲ್ಪನೆಗೂ ನೇರ ನಂಟಿದೆ. ಹಾಗಿದ್ದೂ ಇವನ್ನು ಅನುಸರಿಸಲು ಆ ವಿಶ್ವಾಸ ಇರಲೇಬೇಕೆಂದಿಲ್ಲ. ಬೇರೆ ಬೇರೆ ಮತಗಳವರೂ ಯಾವ ಮತಕ್ಕೂ ಸೇರದವರೂ ಇವನ್ನು ವೃತ್ತಿಯ ಮೊದಲ ಪಾಠವಾಗಿ ಕಲಿಯುತ್ತಾರೆ.

ಕರ್ನಾಟಕದಲ್ಲಿ ಈ ಪರಂಪರೆಗೆ ನೆಲೆಯಾದುದು ಮಂಗಳೂರು. ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಆರಂಭಿಸಿದ ಹೋಮಿಯೋಪತಿ ಔಷಧಾಲಯ ಮತ್ತು ಆಮೇಲಿನ ಕುಷ್ಠರೋಗಿಗಳ ಆಶ್ರಯ ಅಲ್ಲಿನ ಸೇವಾ ಪರಂಪರೆಯ ಭಾಗವಾಗಿದ್ದವು. 1960ರಲ್ಲಿ ಸ್ಥಾಪನೆಯಾದ ರೋಶನಿ ನಿಲಯ ಆ ಸೇವೆಗೆ ವೃತ್ತಿ ತರಬೇತಿಯನ್ನು ಜೋಡಿಸಿತು. ಅದನ್ನು ಕಟ್ಟಿದವರು 1955ರಲ್ಲಿ ಮುಂಬಯಿಯ ನಿರ್ಮಲಾ ನಿಕೇತನವನ್ನೂ ಸ್ಥಾಪಿಸಿದ್ದ ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ ಸಂಘದ ಸಹೋದರಿಯರು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1790ರಲ್ಲಿ ಹುಟ್ಟಿದ ಈ ಸಂಘದವರು ಸನ್ಯಾಸಿನಿಯರ ವಿಶೇಷ ಉಡುಪು ತೊಡದೆ ಜನಸಾಮಾನ್ಯರಂತೆಯೇ ಬಾಳುತ್ತಾರೆ.

ಈ ಇತಿಹಾಸದಲ್ಲಿ ನಂಬಿಕೆ ವೃತ್ತಿಗೆ ಪ್ರೇರಣೆಯನ್ನೂ ಮೌಲ್ಯಗಳನ್ನೂ ಕೊಟ್ಟಿತು. ವೃತ್ತಿ ನಂಬಿಕೆಗೆ ಶಿಸ್ತನ್ನೂ ಮಿತಿಯನ್ನೂ ಕಲಿಸಿತು. ಸಹಾಯ ಬೇಡಿ ಬಂದವರು ಸಂಕಟದಲ್ಲಿರುತ್ತಾರೆ; ಅಂಥವರ ಮುಂದೆ ಸಮಾಜಕಾರ್ಯಕರ್ತರ ಮಾತಿಗೆ ಬಲ ಹೆಚ್ಚು. ಆ ಬಲವನ್ನು ಮತಪ್ರಚಾರಕ್ಕೆ ಬಳಸಿದರೆ ಸ್ವನಿರ್ಣಯದ ತತ್ವಕ್ಕೆ ಭಂಗ ಬರುತ್ತದೆ. ಸೇವಾರ್ಥಿ ತಾನಾಗಿ ದೇವರ, ಪ್ರಾರ್ಥನೆಯ ಮಾತೆತ್ತಿದಾಗ ಅದನ್ನು ಕಡೆಗಣಿಸುವುದೂ ಅಷ್ಟೇ ತಪ್ಪು. ಅರ್ಹ, ಅನರ್ಹ ಎಂದು ವಿಂಗಡಿಸಿದ ಧರ್ಮಶ್ರದ್ಧೆಯೇ ಮುಂದೆ ತೀರ್ಪು ನೀಡಬಾರದೆಂಬ ತತ್ವಕ್ಕೂ ಆಧಾರ ಒದಗಿಸಿದ್ದು ಈ ಪರಂಪರೆಯ ದೊಡ್ಡ ಬೆಳವಣಿಗೆ.