ಸಂಧಿಪತ್ರದಲ್ಲಿ ಒಬ್ಬ ರಾಜಪುತ್ರಿ

ವಿಜಯನಗರದ ಒಂದನೆಯ ದೇವರಾಯನು ತನ್ನ ಮಗಳನ್ನು ಕಲಬುರ್ಗಿಯ ಬಹಮನಿ ಸುಲ್ತಾನ ಫಿರೋಜ್ ಷಾಹನಿಗೆ ವಿವಾಹ ಮಾಡಿಕೊಟ್ಟನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಸುಮಾರು ಇನ್ನೂರು ವರ್ಷಗಳ ತರುವಾಯ ಬಿಜಾಪುರದಲ್ಲಿದ್ದು ಬರೆದವನ ಮಾತಾದ್ದರಿಂದ ಇದನ್ನು ಸಂಶಯಿಸುವ ವಿದ್ವಾಂಸರೂ ಉಂಟು. ಆದರೆ ಕಥನದಲ್ಲಿ ಹೆಣ್ಣುಮಗಳಿಗೆ ದೊರೆತ ಸ್ಥಾನ ಯಾವುದೆಂಬುದು ವಿಚಾರಣೀಯವಾಗಿದೆ.

ಕದನಕ್ಕೆ ಕಾರಣಳಾದವಳು ಈ ರಾಜಪುತ್ರಿಯಲ್ಲ, ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು. ಅವಳ ರೂಪವನ್ನು ಕೇಳಿ ಮೋಹಿತನಾದ ದೇವರಾಯನು ಹೇಳಿಕಳುಹಿಸಿದನು, ಅವಳು ಒಪ್ಪಲಿಲ್ಲ. ವಿಜಯನಗರದ ಸೈನ್ಯವು ತುಂಗಭದ್ರೆಯನ್ನು ದಾಟಿ ಮುದಗಲ್ಲಿನತ್ತ ನುಗ್ಗುವಷ್ಟರಲ್ಲಿ ಆ ಕುಟುಂಬ ಊರು ಬಿಟ್ಟಿತ್ತು. ಸೈನಿಕರು ನಿರಪರಾಧಿಗಳ ಹಳ್ಳಿಗಳನ್ನು ಸೂರೆಗೈದು ಮರಳಿದರು. ಅರಸನ ಒಂದು ಆಸೆಗೆ ಬೆಲೆ ತೆತ್ತವರು ಮೊದಲು ರೈತರು, ಕೊನೆಗೆ ಅವನ ಮಗಳು.

1406ರಲ್ಲಿ ಫಿರೋಜನು ದಂಡೆತ್ತಿ ಬಂದನು. ಅವನ ಸೇನೆಯ ಒಂದು ಭಾಗ ಬಂಕಾಪುರದ ಕೋಟೆಯನ್ನು ಹಿಡಿಯಿತು. ದೇವರಾಯನು ಸಂಧಿ ಬೇಡಿದಾಗ ತೆರಬೇಕಾದುದು 10 ಲಕ್ಷ ಹೊನ್ನು, 5 ಮಣ ಮುತ್ತು, 50 ಆನೆ, 2,000 ದಾಸದಾಸಿಯರು. ಇವುಗಳ ಜೊತೆಗೆ ಮಗಳು. ಬಂಕಾಪುರ ಅವಳ ಬಳುವಳಿ. ಮುತ್ತಿಗೆ ತೂಕವಿದೆ, ಆನೆಗೆ ಎಣಿಕೆಯಿದೆ, ಕನ್ಯೆಗೆ ಹೆಸರಿಲ್ಲ. ಅಕ್ಕಸಾಲಿಗನ ಮಗಳನ್ನು ಪರ್ತಾಲ್ ಎಂದು ಹೆಸರಿಟ್ಟು ಕರೆದು, ಅವಳು ಸುಲ್ತಾನನ ಮಗ ಹಸನ್‌ಖಾನನ ಪತ್ನಿಯಾದುದನ್ನೂ ತಿಳಿಸುವ ಫಿರಿಷ್ತಾ ಚಕ್ರವರ್ತಿಯ ಮಗಳ ವಿಷಯದಲ್ಲಿ ಮೌನಿ.

ಹರಪನಹಳ್ಳಿ, ಚಿಗಟೇರಿಗಳ ಸೀಮೆಯಿಂದ ಪಶ್ಚಿಮಕ್ಕೆ ತುಂಗಭದ್ರೆಯನ್ನು ದಾಟಿ ಹಾವೇರಿಯ ಮೇಲೆ ಸಾಗಿದರೆ ಸಿಗುವ ಬಂಕಾಪುರ ಜೈನ ಬಂಧುಗಳಿಗೆ ಅಪರಿಚಿತವಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯಲ್ಲಿ ಬರುವ ಊರು ಇದೇ. ಗಂಗರ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದ್ದು ಇಲ್ಲಿಯೇ. ಅಂತಹ ಕ್ಷೇತ್ರವು ನಾಲ್ಕು ಶತಮಾನಗಳ ತರುವಾಯ ಸೋತವನ ಮಗಳ ಮಡಿಲಿಗೆ ಬಿದ್ದು ಗೆದ್ದವನ ಕೈಸೇರಿತು.

ದೇವರಾಯನ ಅಂತಃಪುರದ ಮತ್ತೊಬ್ಬ ಸ್ತ್ರೀಯ ಹೆಸರು ಮಾತ್ರ ಉಳಿದಿದೆ. ಅವನ ರಾಣಿ ಭೀಮಾದೇವಿ ಶ್ರವಣಬೆಳಗೊಳದ ಮಂಗಾಯಿ ಬಸದಿಯಲ್ಲಿ ಶಾಂತಿನಾಥ ಬಿಂಬವನ್ನು ಪ್ರತಿಷ್ಠಾಪಿಸಿದಳು. ತಾನಾಗಿ ದಾನ ಮಾಡಿದವಳಾದ್ದರಿಂದ ಶಾಸನದಲ್ಲಿ ಅವಳ ಹೆಸರಿದೆ.

ವಿವಾಹದ ವೈಭವವನ್ನು ಫಿರಿಷ್ತಾ ಬಿಡಿಸಿ ಬಿಡಿಸಿ ಬಣ್ಣಿಸಿದ್ದಾನೆ. ಸಿದ್ಧತೆಗೆ 40 ದಿನ; ನಗರದ ಬಾಗಿಲಿನಿಂದ ಸುಲ್ತಾನನ ಬಿಡಾರದವರೆಗೆ ಅಂಗಡಿಗಳ ಸಾಲು; ಫಿರೋಜನು ನಡೆದ ಹಾದಿಯುದ್ದಕ್ಕೂ ಮಖಮಲ್ಲಿನ ಹಾಸು. ಮಾವನ ಅರಮನೆಯಲ್ಲಿ ಮೂರು ದಿನ ಸತ್ಕಾರ ಪಡೆದು ಅಳಿಯ ಹೊರಟನು. ಬೀಳ್ಕೊಡಲು ಬಂದ ದೇವರಾಯನು ಬಿಡಾರದವರೆಗೆ ಬಾರದೆ ನಡುದಾರಿಯಲ್ಲೇ ಹಿಂದಿರುಗಿದನೆಂದು ಫಿರೋಜನಿಗೆ ಕೋಪ. ಅಷ್ಟು ಹೊನ್ನು, ಅಷ್ಟು ಮುತ್ತು, ಒಬ್ಬ ಮಗಳು ಸಂಪಾದಿಸಿಕೊಡಲಾರದ ಸ್ನೇಹವು ನಾಲ್ಕು ಹೆಜ್ಜೆಯ ಉಪಚಾರದಲ್ಲಿ ಮುರಿಯಿತು!

ಮುಂದೆ ಅವಳು ಕಂಡ ಸಂಸಾರ ಎಂತಹುದು? ಸುಲ್ತಾನನ ರಾಣಿವಾಸದಲ್ಲಿ ನಾನಾ ದೇಶದ ಸ್ತ್ರೀಯರಿದ್ದರು. ಒಬ್ಬೊಬ್ಬಳೊಡನೆಯೂ ಅವಳವಳ ಭಾಷೆಯಲ್ಲೇ ಅವನು ಮಾತನಾಡುತ್ತಿದ್ದನಂತೆ. ತವರು ಮತ್ತು ಗಂಡನ ಮನೆಗಳು ಮತ್ತೆ ಪಾನಗಲ್ಲಿನಲ್ಲಿ ಎದುರಾದವು. 1417ರಲ್ಲಿ ಮೊದಲಾದ ಆ ಮುತ್ತಿಗೆ ಎರಡು ವರ್ಷ ಎಳೆದು ಫಿರೋಜನ ಪರಾಭವದಲ್ಲಿ ಮುಗಿಯಿತು. 1422ರಲ್ಲಿ ಅವನು ತಮ್ಮ ಅಹಮದನಿಗೆ ಗದ್ದುಗೆ ಬಿಟ್ಟುಕೊಟ್ಟು ತೀರಿಕೊಂಡನು. ದೇವರಾಯನ ಮರಣವೂ ಅದೇ ವರ್ಷ.