ಆಟಗಾರರ ಉಳಿಕೆ: ತಂಡದಲ್ಲೊಂದು ಸ್ಥಾನದ ಬೆಲೆ

ಹರಾಜಿಗೆ ಮುನ್ನ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು ಎಂಬುದು ಲೀಗ್ ಕ್ರೀಡೆಗಳ ಕಠಿಣ ಲೆಕ್ಕಾಚಾರ. ತಂಡದ ಸ್ಥಾನಗಳು ಸೀಮಿತವಾದುದರಿಂದ, ನಾಳೆಯ ಆಟಗಾರನಿಗೆ ಕಾಯ್ದಿರಿಸಿದ ಸ್ಥಾನ ಇಂದಿನ ಆಟಗಾರನಿಗೆ ದೊರೆಯದು.

ಮೂಲ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಪದ್ಧತಿ ಹಳೆಯದು. ಕ್ಲಬ್ಬೊಂದು ತನ್ನ 40 ಜನರ ಪಟ್ಟಿಗೆ ಸೇರಿಸದ ಅರ್ಹ ಕಿರಿಯರನ್ನು ಡಿಸೆಂಬರ್‌ನಲ್ಲಿ ಇತರ ಕ್ಲಬ್‌ಗಳು ಆಯ್ದುಕೊಳ್ಳಬಹುದು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕ್‌ನಲ್ಲಿ ಆರಂಭಿಸಿದ ರೊಟಿಸರಿ ಲೀಗ್, ನಿಜವಾದ ಆಟಗಾರರನ್ನು ಕಾಲ್ಪನಿಕ ತಂಡಗಳಿಗೆ ಹರಾಜು ಹಾಕಿ, ಈ ಲೆಕ್ಕಾಚಾರವನ್ನು ಅಭಿಮಾನಿಗಳ ಕೈಗಿತ್ತಿತು. ಇಂದಿನ ಫ್ಯಾಂಟಸಿ ಆಟಗಳು ಅದರ ಸಂತತಿ. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ.

ಐಪಿಎಲ್ ನಿಯಮ

ಐಪಿಎಲ್ ತಂಡವೊಂದರಲ್ಲಿ ಗರಿಷ್ಠ 25 ಆಟಗಾರರಿರಬಹುದು. ಅವರಲ್ಲಿ ವಿದೇಶೀಯರು 8 ಮಂದಿ ಮಾತ್ರ. 2025ರ ಋತುವಿನ ಮಹಾ ಹರಾಜಿಗೆ ಮುನ್ನ ಪ್ರತಿ ತಂಡದ ಒಟ್ಟು ಮೊತ್ತ 120 ಕೋಟಿ ರೂಪಾಯಿ. ಉಳಿಸಿಕೊಳ್ಳಬಹುದಾಗಿದ್ದ ಆರು ಮಂದಿಯಲ್ಲಿ ಅಂತರರಾಷ್ಟ್ರೀಯ ಪಂದ್ಯವಾಡದವರು ಹೆಚ್ಚೆಂದರೆ ಇಬ್ಬರು. ಐದು ವರ್ಷ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ದೂರವಿದ್ದ ಭಾರತೀಯರನ್ನೂ ಈ ವರ್ಗಕ್ಕೇ ಸೇರಿಸಲಾಯಿತು. ಪರಿಣಾಮವಾಗಿ ಚೆನ್ನೈ ತಂಡ 43 ವರ್ಷದ ಮಹೇಂದ್ರ ಸಿಂಗ್ ಧೋನಿಯವರನ್ನು 4 ಕೋಟಿಗೆ ಉಳಿಸಿಕೊಂಡಿತು.

ಬೆಂಗಳೂರು ತಂಡ ವಿರಾಟ್ ಕೊಹ್ಲಿ (21 ಕೋಟಿ), ರಜತ್ ಪಾಟೀದಾರ್ (11 ಕೋಟಿ) ಹಾಗೂ ಯಶ್ ದಯಾಳ್ (5 ಕೋಟಿ) ಅವರನ್ನು ಮಾತ್ರ ಉಳಿಸಿ, 83 ಕೋಟಿಯೊಂದಿಗೆ ಹರಾಜಿಗಿಳಿಯಿತು. ಪಾಟೀದಾರ್ ನಾಯಕತ್ವದಲ್ಲಿ 2025ರ ಜೂನ್ 3ರಂದು ಅದು ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು.

ಕಾದವರ ಪಾಡು

ಅದೇ ತಂಡದಲ್ಲಿದ್ದ ರಾಯಚೂರಿನ ಮನೋಜ್ ಭಾಂಡಗೆ ಅವರ ಕಥೆ ಬೇರೆ. 20 ಲಕ್ಷ ರೂಪಾಯಿಗೆ ಆಯ್ಕೆಯಾಗಿದ್ದ ಅವರು 2023 ಮತ್ತು 2024ರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 30 ಲಕ್ಷಕ್ಕೆ ಮತ್ತೆ ತಂಡ ಸೇರಿ 2025ರಲ್ಲಿ ಪದಾರ್ಪಣೆ ಮಾಡಿದರು. ಅದೇ ನವೆಂಬರ್‌ನಲ್ಲಿ ತಂಡ ಅವರನ್ನು ಬಿಟ್ಟುಕೊಟ್ಟಿತು. ಬಿತ್ತನೆಗೆಂದು ತೆಗೆದಿಟ್ಟ ಜೋಳ ಮೊಳೆಯುವ ಮೊದಲೇ ಖರ್ಚಾಗುವುದು ಹೀಗೆ.

ಜಿಲ್ಲೆಗಳ ಬಾಗಿಲು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯುವಕನಿಗೆ ಐಪಿಎಲ್‌ಗಿಂತ ಮೊದಲಿನ ಮೆಟ್ಟಿಲು ರಾಜ್ಯ ಮಟ್ಟದ ಲೀಗ್. 2009ರಲ್ಲಿ ಆರಂಭವಾಗಿ 2019ರಲ್ಲಿ ಕೊನೆಯ ಬಾರಿ ನಡೆದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ, ನೆರೆಯ ಜಿಲ್ಲೆಗಳ ಹೆಸರು ಹೊತ್ತ ಬಿಜಾಪುರ ಬುಲ್ಸ್ ಮತ್ತು ಬೆಳಗಾವಿ ಪ್ಯಾಂಥರ್ಸ್ ಇದ್ದವು. 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿಯಲ್ಲಿ ಇವೆರಡೂ ಇಲ್ಲ. ಆರು ತಂಡಗಳಲ್ಲಿ ಈ ಭಾಗಕ್ಕೆ ಸಮೀಪದ್ದು ಹುಬ್ಬಳ್ಳಿ ಟೈಗರ್ಸ್. ಅಲ್ಲಿಯೂ ಹರಾಜಿಗೆ ಮುನ್ನ ಆಟಗಾರರನ್ನು ಉಳಿಸಿಕೊಳ್ಳಲು ಅವಕಾಶವಿದೆ. ಹಿಂದಿನ ಋತುವಿನಲ್ಲಿ ಮಿಂಚಿದವರು ಹೀಗೆ ಮೊದಲೇ ಸ್ಥಾನ ಪಡೆಯುವುದರಿಂದ, ಹೊಸಬರು ಉಳಿದ ಸ್ಥಾನಗಳಿಗಾಗಿ ಸ್ಪರ್ಧಿಸಬೇಕು.

ಉಳಿಕೆಯ ನಿಯಮ ತಂಡಕ್ಕೆ ಸ್ಥಿರತೆ ಕೊಡುತ್ತದೆ. ಆದರೆ ಕಿರಿಯರಿಗೆಂದೇ ಮೀಸಲಾದ ಸ್ಥಾನ ಹಿರಿಯರ ಪಾಲಾಗದಂತೆ ನೋಡಿಕೊಂಡಾಗಷ್ಟೇ ದೂರದ ತಾಲ್ಲೂಕುಗಳ ಪ್ರತಿಭೆಗೂ ಅದರಿಂದ ನೆರವಾದೀತು.