ಧ್ವನಿದೋಷಗಳ ಕುರಿತ ಅಂತರ್ಜಾಲ ಮಾಹಿತಿ: ಅಳತೆಗೋಲುಗಳಿಗೆ ಕಾಣದ ಕೊರತೆ

ಅಂತರ್ಜಾಲದ ಆರೋಗ್ಯ ಮಾಹಿತಿಯನ್ನು ಒರೆಗೆ ಹಚ್ಚುವವರು ಹೆಚ್ಚಾಗಿ ಬಳಸುವ ಸಾಧನಗಳಲ್ಲಿ ಎರಡು ಮುಖ್ಯ. ಒಂದು, 1997ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆ ಮುಂದಿಟ್ಟ ನಾಲ್ಕು ಮಾನದಂಡ: ಬರೆದವರು ಯಾರು, ಆಧಾರವೇನು, ಒಡೆತನ ಯಾರದು, ಬರೆದದ್ದು ಯಾವಾಗ. ಇನ್ನೊಂದು, 1999ರಲ್ಲಿ ಆಕ್ಸ್‌ಫರ್ಡಿನ ತಂಡ ಪ್ರಕಟಿಸಿದ ‘ಡಿಸರ್ನ್’. 16 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5ರ ತನಕ ಅಂಕ. ಧ್ವನಿದೋಷದ ಮಟ್ಟಿಗೆ ಇವೆರಡೂ ಮುಖ್ಯವಾದುದನ್ನೇ ಕೈಬಿಡುತ್ತವೆ ಎಂಬುದು ಇಲ್ಲಿನ ವಾದ.

ಗೊಗ್ಗರು ಧ್ವನಿಯ ಬಗ್ಗೆ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2009ರಲ್ಲಿ ಮಾರ್ಗಸೂಚಿ ಹೊರಡಿಸಿತು. ಧ್ವನಿ ಸರಿಹೋಗದಿದ್ದರೆ ಹೆಚ್ಚೆಂದರೆ ಮೂರು ತಿಂಗಳೊಳಗೆ ಧ್ವನಿಪೆಟ್ಟಿಗೆಯನ್ನು ಲ್ಯಾರಿಂಗೋಸ್ಕೋಪಿಯಿಂದ ನೋಡಬೇಕು ಎಂದಿತ್ತು ಅದು. 2018ರ ಪರಿಷ್ಕರಣೆ ಈ ಗಡುವನ್ನು ನಾಲ್ಕು ವಾರಕ್ಕೆ ಇಳಿಸಿತು. ಗಂಭೀರ ಕಾರಣದ ಶಂಕೆಯಿದ್ದರೆ ಅಷ್ಟೂ ಕಾಯುವಂತಿಲ್ಲ. ಈಗ 2010ರಲ್ಲಿ ಸಮರ್ಥ ವೈದ್ಯರೊಬ್ಬರು ಹೆಸರು, ಆಧಾರ, ಒಡೆತನ, ದಿನಾಂಕ ಎಲ್ಲವನ್ನೂ ನಮೂದಿಸಿ ಬರೆದ ಪುಟವೊಂದನ್ನು ಊಹಿಸಿಕೊಳ್ಳಿ. ‘ಜಾಮಾ’ ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣಾಂಕ. ಓದುಗ ಮಾತ್ರ ಎರಡು ತಿಂಗಳು ಹೆಚ್ಚು ಕಾಯುತ್ತಾನೆ. ದಿನಾಂಕ ಇದೆಯೇ ಎಂದು ಕೇಳುವ ಮಾನದಂಡಕ್ಕೆ ಆ ದಿನಾಂಕದ ಬಳಿಕ ಏನು ಬದಲಾಯಿತೆಂಬುದು ಬೇಕಿಲ್ಲ.

ಡಿಸರ್ನ್‌ನ ತೊಡಕು ಬೇರೆ ಬಗೆಯದು. ಅದು ಹುಟ್ಟಿದ್ದೇ ಚಿಕಿತ್ಸೆಯ ಆಯ್ಕೆಗಳನ್ನು ವಿವರಿಸುವ ಬರಹಗಳಿಗಾಗಿ. ಮೊದಲ ಎಂಟು ಪ್ರಶ್ನೆ ಬರಹದ ವಿಶ್ವಾಸಾರ್ಹತೆಗೆ, ಮುಂದಿನ ಏಳು ಚಿಕಿತ್ಸೆಯ ಲಾಭ, ಅಪಾಯ, ಪರ್ಯಾಯಗಳಿಗೆ, ಕೊನೆಯದು ಒಟ್ಟಾರೆ ಅಂಕಕ್ಕೆ. ಹೇಳಿದ್ದು ವೈದ್ಯಕೀಯವಾಗಿ ಸರಿಯೇ ಎಂಬ ಪ್ರಶ್ನೆ ಅದರಲ್ಲಿಲ್ಲ, ಇರಬೇಕೆಂದು ರೂಪಿಸಿದವರು ಉದ್ದೇಶಿಸಿಯೂ ಇರಲಿಲ್ಲ. ಧ್ವನಿಯ ವಿಷಯದಲ್ಲಿ ಎಡವಟ್ಟಾಗುವುದು ಚಿಕಿತ್ಸೆಗೂ ಮುಂಚೆ, ಕಾರಣ ತಿಳಿಯದೆ ದಿನ ತಳ್ಳುವ ಹಂತದಲ್ಲಿ.

ಕಾರಣ ಕೇಳಿ ತಿಳಿಯುವಂಥದ್ದಲ್ಲ. ಪಾಠ ಹೇಳಿ ಹೇಳಿ ಧ್ವನಿತಂತುಗಳ ಮೇಲೆ ಎದ್ದ ಗಂಟು, ಥೈರಾಯ್ಡ್ ಶಸ್ತ್ರಕ್ರಿಯೆಯಲ್ಲಿ ನರಕ್ಕಾದ ಪೆಟ್ಟು, ತಂಬಾಕಿನಿಂದ ಬಂದ ಕ್ಯಾನ್ಸರ್, ಎಲ್ಲವೂ ಹೊರಗೆ ಗೊಗ್ಗರಾಗಿಯೇ ಕೇಳಿಸಬಹುದು. ಎಡಗಡೆಯ ಧ್ವನಿತಂತುವಿನ ನರ ಎದೆಗಿಳಿದು ಮಹಾಪಧಮನಿಯನ್ನು ಬಳಸಿ ಮೇಲೇರುವುದರಿಂದ ಎದೆಯೊಳಗಿನ ಗಡ್ಡೆ ಕೂಡ ಮೊದಲು ಧ್ವನಿಯಲ್ಲೇ ತೋರಿಕೊಳ್ಳಬಹುದು. ಧ್ವನಿತಂತುವಿನ ಮೇಲೆಯೇ ಹುಟ್ಟುವ ಕ್ಯಾನ್ಸರ್ ಬೇಗನೆ ಧ್ವನಿ ಕೆಡಿಸುತ್ತದೆ. ಬೇಗ ಕಂಡರೆ ವಾಸಿಯಾಗುವ ಸಾಧ್ಯತೆಯೂ ಹೆಚ್ಚು. ಆ ಅನುಕೂಲವನ್ನು ಕಳೆಯುವುದು ವಿಳಂಬವೇ. ಜೇನು, ಶುಂಠಿ, ಜ್ಯೇಷ್ಠಮಧುಗಳಿಂದ ಗಂಟಲಿಗೆ ಹಿತವೆನಿಸೀತು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮಾತ್ರೆಗಳ ಕಥೆಯೂ ಅಷ್ಟೇ: ಧ್ವನಿಪೆಟ್ಟಿಗೆ ನೋಡದೆ ಲಕ್ಷಣವನ್ನಷ್ಟೇ ನಂಬಿ ಆಮ್ಲ ತಗ್ಗಿಸುವ ಔಷಧ ಬರೆಯಬಾರದೆಂದು ಅದೇ 2018ರ ಮಾರ್ಗಸೂಚಿ ಹೇಳುತ್ತದೆ.

ಈ ಮಾಹಿತಿ ಯಾರಿಗೆ ಬೇಕು? ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶಿಕ್ಷಕರ ಪೈಕಿ ಶೇ. 57.7 ಮಂದಿ ಜೀವನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಅನುಭವಿಸಿದ್ದರು. ಇತರರಲ್ಲಿ ಇದು ಶೇ. 28.8. ನಮ್ಮಲ್ಲಿ ಮೈಕಿಲ್ಲದ ತರಗತಿಯ ಮೇಷ್ಟ್ರು, ರಾತ್ರಿಯಿಡೀ ಪದ ಹೇಳುವ ಯಕ್ಷಗಾನದ ಭಾಗವತರು ಇದೇ ಸಾಲಿನವರು. ಅವರು ಓದುವ ಕನ್ನಡ ಪುಟಗಳನ್ನು ಅಳೆಯಹೊರಟರೆ ಮೂರನೆಯ ಸಾಧನವೂ ಕೈಕೊಡುತ್ತದೆ. ಸುಲಭಗ್ರಾಹ್ಯತೆಗೆ ಬಳಸುವ ಫ್ಲೆಶ್ ಸೂತ್ರ ವಾಕ್ಯದ ಪದಗಳನ್ನೂ ಪದದ ಉಚ್ಚಾರಾಂಶಗಳನ್ನೂ ಎಣಿಸುತ್ತದೆ. ಹತ್ತು ಪದಗಳ ವಾಕ್ಯ, ಪದಕ್ಕೆ ಸರಾಸರಿ ಮೂರು ಉಚ್ಚಾರಾಂಶ ಎಂದಿಟ್ಟುಕೊಂಡರೂ ಅಂಕ ಸೊನ್ನೆಗಿಂತ 57 ಕೆಳಗಿಳಿಯುತ್ತದೆ. ಅದರ ಲೆಕ್ಕದಲ್ಲಿ ‘ತೋರಿಸಿಕೊಳ್ಳಬೇಕು’ ಕಠಿಣ, ‘ವ್ರಣ’ ಸರಳ!

ಆದ್ದರಿಂದ ಧ್ವನಿದೋಷಕ್ಕೆ ಪ್ರತ್ಯೇಕ ಪಟ್ಟಿ ಬೇಕು. ಎಷ್ಟು ವಾರ ಕಾಯಬಹುದೆಂದು ಪುಟ ಹೇಳಿದೆಯೇ. ತಂಬಾಕಿನ ಚಟ, ಕುತ್ತಿಗೆಯ ಗಡ್ಡೆ, ಉಸಿರಾಟದ ತೊಂದರೆ, ಇತ್ತೀಚಿನ ಶಸ್ತ್ರಕ್ರಿಯೆ ಇದ್ದರೆ ಕಾಯಬಾರದೆಂದಿದೆಯೇ. ಗಂಟುಗಳಿಗೆ ಸಾಮಾನ್ಯವಾಗಿ ಮೊದಲು ಧ್ವನಿಚಿಕಿತ್ಸೆ, ಶಸ್ತ್ರಕ್ರಿಯೆ ಆಮೇಲೆ ಎಂಬುದು ಬಂದಿದೆಯೇ. ಭಾಷೆಯ ಸುಲಭತೆಯನ್ನು ಓದುಗರಿಂದಲೇ ಅಳೆಯುವುದು ಲೇಸು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದು ಕಷ್ಟದ ಕೆಲಸವೇನಲ್ಲ: ಹತ್ತಾರು ಶಿಕ್ಷಕರಿಗೆ ಪುಟ ಓದಿಸಿ, ಪುಟ ಮುಚ್ಚಿಸಿ, ‘ನಾಳೆ ನಿಮ್ಮ ಗಂಟಲು ಕಟ್ಟಿದರೆ ಯಾವಾಗ, ಯಾರ ಹತ್ತಿರ ಹೋಗುತ್ತೀರಿ?’ ಎಂದು ಕೇಳಿ ಉತ್ತರ ಬರೆದುಕೊಂಡರಾಯಿತು.